ಫೈಲಿಲ್ಲದೆ ಕಾರವಾರಕ್ಕೆ

ಶಿರಸಿ ಕಡೆಯವರು ಯಾರಾದರೂ "ನಾಳೆ ಕಾರವಾರಕ್ಕೆ ಹೋಗೋದಿದೆ" ಅಂದರೆ ಕೇಳಿದವರಿಗೆ ಸಮುದ್ರ ನೆನಪಾಗೋದಿಲ್ಲ. "ಎಂತ ಕೇಸು?" ಅಂತ ಕೇಳುತ್ತಾರೆ. ಇಲ್ಲವೇ "ಯಾವ ಆಫೀಸಿನಲ್ಲಿ?" ಅಂತ. ಕಾರವಾರ ನಮಗೆ ಜಿಲ್ಲಾ ಕೇಂದ್ರ, ಅಷ್ಟೇ. ಬೆಳಗಿನ ಜಾವದ ಬಸ್ಸು ಹತ್ತಿ, ಘಟ್ಟ ಇಳಿದು, ಕೆಲಸ ಆದರೂ ಆಗದಿದ್ದರೂ ಸಂಜೆ ಬಸ್ಸಿಗೆ ವಾಪಸ್ ಬರುವ ಊರು. ಹೋಗೋದು ಸುಮಾರು 120 ಕಿಲೋಮೀಟರ್, ಬರೋದು 120.

ನಮ್ಮ ಅಪ್ಪಯ್ಯ ಹೀಗೆ ಎಷ್ಟು ಸಲ ಹೋಗಿ ಬಂದಿದ್ದಾನೋ ಲೆಕ್ಕ ಇಟ್ಟವರಿಲ್ಲ. ನಮ್ಮ ಬೆಟ್ಟದ ಗಡಿಯದ್ದೊಂದು ತಕರಾರು ಇತ್ತು. ಬೆಟ್ಟ ಅಂದರೆ ನಮ್ಮಲ್ಲಿ ಬರೀ ಗುಡ್ಡ ಅಲ್ಲ, ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ ಕಾಡು. ಆ ತಕರಾರು ಒಂಬತ್ತು ವರ್ಷ ನಡೆಯಿತು. ಕೊನೆಗೆ ರಾಜಿಯಾಗಿದ್ದು ಶಿರಸಿಯಲ್ಲೇ, ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಹೋಳಿಗೆ ಬಡಿಸುವ ಹೊತ್ತಿಗೆ. ಅದು ಬೇರೆ ಕಥೆ. ಆ ಒಂಬತ್ತು ವರ್ಷದಲ್ಲಿ ಅಪ್ಪಯ್ಯನಿಗೆ ಪರಿಚಯವಾದ ಕಾರವಾರ ಅಂದರೆ ಬಸ್ ಸ್ಟ್ಯಾಂಡು, ಒಂದು ಊಟದ ಹೋಟೆಲು, ಒಂದು ಝೆರಾಕ್ಸ್ ಅಂಗಡಿ, ಮತ್ತೆ ಕಾಯುತ್ತಾ ಕೂರುವ ಒಂದು ಉದ್ದನೆಯ ಬೆಂಚು.

2025ರ ಜೂನ್ ತಿಂಗಳಲ್ಲಿ, ಮಳೆ ಹಿಡಿದು ಕರೆಂಟ್ ಹೋಗಿ ಎಲ್ಲರೂ ಜಗುಲಿಯಲ್ಲಿ ಕೂತಿದ್ದಾಗ, ಆರನೇ ಕ್ಲಾಸಿನ ಮಗ ಅಜ್ಜನ ಹತ್ತಿರ ಕಾರವಾರದ ಬೀಚು ಹೇಗಿದೆ ಅಂತ ಕೇಳಿದ. ಅಪ್ಪಯ್ಯ ಕವಳ ಹಾಕುತ್ತಿದ್ದವನು ಸುಣ್ಣದ ಬೆರಳು ಹಾಗೇ ಹಿಡಿದು, "ಆನು ನೋಡಿದ್ನಿಲ್ಲೆ. ಬಸ್ಸಿಂದ ಕಾಣ್ತು" ಅಂದ. ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಸಮುದ್ರ ನಡೆದು ಹೋಗುವಷ್ಟು ಹತ್ತಿರ. ಒಂಬತ್ತು ವರ್ಷ ಓಡಾಡಿದ ಮನುಷ್ಯ ಒಂದು ಸಲವೂ ಮರಳಿಗೆ ಕಾಲಿಟ್ಟಿಲ್ಲ.

ಕೈಯಲ್ಲಿ ಫೈಲಿಲ್ಲದೆ ಒಂದು ವಾರ ಕಾರವಾರದಲ್ಲಿ ಇದ್ದು ಬರೋಣ ಅಂತ ಅವತ್ತೇ ಹೇಳಿಬಿಟ್ಟೆ. ಅಪ್ಪಯ್ಯನ ಉತ್ತರ: "ಏಳು ದಿವ್ಸ ಅಲ್ಲಿ ಎಂತ ಮಾಡ್ತೆ ತಮಾ? ಕೆಲಸ ಮುಗಿಸ್ಕ್ಯಂಡು ಸಂಜೆ ಬಸ್ಸಿಗೆ ಬಪ್ಪದು." ಯಾವ ಕೆಲಸ ಅಂತ ಕೇಳಿದರೆ ಅದು ಅವನಿಗೂ ಗೊತ್ತಿಲ್ಲ.

ಮಗನ ಅರ್ಧ ಖಾಲಿ ಇದ್ದ ಹಳೆ ನೋಟ್‌ಬುಕ್ಕಿನಲ್ಲಿ ಪ್ಲಾನ್ ಶುರುವಾಯಿತು. ಮೊದಲನೇ ಪ್ಲಾನು ಈಗ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಒಂದು ದಿನ ಗೋಕರ್ಣ, ಒಂದು ದಿನ ಮುರ್ಡೇಶ್ವರ, ಒಂದು ದಿನ ಮಡಗಾಂವ್ ಕಡೆ, ನಡುವೆ ಮಿರ್ಜಾನ್ ಕೋಟೆ, ಹೊನ್ನಾವರದ ಅಪ್ಸರಕೊಂಡ, ಟೈಮ್ ಸಿಕ್ಕರೆ ಯಾಣ. ಬರೆಯೋಕೆ ಮಜಾ ಇತ್ತು. ಆಮೇಲೆ ಪಕ್ಕದಲ್ಲಿ ಕಿಲೋಮೀಟರ್ ಬರೆದೆ. ಕಾರವಾರದಿಂದ ಮುರ್ಡೇಶ್ವರಕ್ಕೆ ಹೋಗಿ ಬರೋದೇ ಸುಮಾರು 240, ಗೋಕರ್ಣ 120, ಮಡಗಾಂವ್ 140, ನಮ್ಮ ಊರಿಂದ ಹೋಗಿ ಬರೋದು ಇನ್ನೊಂದು 240. ಕೂಡಿಸಿದರೆ ಹತ್ತಿರ ಹತ್ತಿರ 740. 74 ವರ್ಷದ ಅಪ್ಪಯ್ಯನಿಗೆ 740 ಕಿಲೋಮೀಟರ್. ವರ್ಷಕ್ಕೆ ಹತ್ತರಂತೆ.

ಕಾಲೇಜಿನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಕಾರವಾರದವನೇ. ಮನೆ ಮಾತು ಕೊಂಕಣಿ, ನನ್ನ ಜೊತೆ ಕನ್ನಡ. ಅವನಿಗೆ ಫೋನಿನಲ್ಲಿ ಪ್ಲಾನ್ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಹೆಗಡೆ, ಯಾಣ ನಿಮ್ಮ ಮನೆ ಹಿತ್ತಲಲ್ಲಿದೆ. ಅದನ್ನ ನೋಡೋಕೆ ಕಾರವಾರಕ್ಕೆ ಯಾಕೆ ಬರ್ತೀಯಾ?" ಅಂದ. ಆಮೇಲೆ, "ಇದರಲ್ಲಿ ಕಾರವಾರ ಎಲ್ಲಿದೆ ಮಾರಾಯಾ? ರಾತ್ರಿ ಮಲಗೋಕೆ ಮಾತ್ರ ಇದೆ" ಅಂದ. ಅದು ನಿಜವೇ. ಅಪ್ಪಯ್ಯ ಬೆಳಗ್ಗೆ ಹೋಗಿ ಸಂಜೆ ಬರ್ತಿದ್ದ. ನಾನು ಸಂಜೆ ಬಂದು ಬೆಳಗ್ಗೆ ಹೋಗುವ ಪ್ಲಾನ್ ಮಾಡಿದ್ದೆ. ಇಬ್ಬರೂ ಕಾರವಾರ ನೋಡಿದ ಹಾಗೆ ಆಗ್ತಿರಲಿಲ್ಲ. ಆ ಪುಟಕ್ಕೆ ಅಡ್ಡ ಗೀಟು ಹಾಕಿದೆ.

ಎರಡನೇ ಪ್ರಶ್ನೆ ಯಾವಾಗ ಅನ್ನೋದು. ಅಡಿಕೆ ಬೆಳೆಯುವ ಮನೆಯವರಿಗೆ ವರ್ಷದಲ್ಲಿ ಒಂದು ವಾರ ಬಿಡುವು ಹುಡುಕೋದು ಎಷ್ಟು ಕಷ್ಟ ಅಂತ ಅವರಿಗೇ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್ ಮಳೆ, ನಡುವೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸೋದು. ನಮಗೆ ಬಿಡುವಿದ್ದರೂ ಸಮುದ್ರಕ್ಕೆ ಇರೋದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ, ದ್ವೀಪದ ಕಡೆ ಹೋಗುವ ಪ್ರವಾಸಿ ಬೋಟುಗಳೂ ಮಳೆಗಾಲದಲ್ಲಿ ನಿಂತಿರುತ್ತವೆ. ನವೆಂಬರ್ ಬಂತೆಂದರೆ ಅಡಿಕೆ ಗೊನೆ ಕೊಯ್ಲು, ಬೇಯಿಸೋದು, ಒಣಗಿಸೋದು, ಫೆಬ್ರುವರಿ ತನಕ ಮಾತೇ ಇಲ್ಲ. ಮಾರ್ಚಿನಲ್ಲಿ ಪರೀಕ್ಷೆ. ಏಪ್ರಿಲ್, ಮೇನಲ್ಲಿ ರಜೆ ಇದೆ, ಆದರೆ ಮದುವೆ ಉಪನಯನಗಳೂ ಆಗಲೇ. ಜೊತೆಗೆ ಕರಾವಳಿಯ ಸೆಖೆ. ಘಟ್ಟದ ಮೇಲಿನವರಿಗೆ ಮೇ ತಿಂಗಳ ಕಾರವಾರ ಅಂದರೆ ಆವಿಯಲ್ಲಿಟ್ಟ ಕೊಟ್ಟೆ ಕಡುಬಿನ ಸ್ಥಿತಿ. ಹೀಗೆ ಕಳೆಯುತ್ತಾ ಬಂದರೆ ಉಳಿಯೋದು ಅಕ್ಟೋಬರ್ ಒಂದೇ. ಮಳೆ ಬಿಟ್ಟಿರುತ್ತದೆ, ಕೊಯ್ಲು ಶುರುವಾಗಿರೋದಿಲ್ಲ, ಶಾಲೆಗೆ ದಸರಾ ರಜೆ.

ಇದರ ಮೇಲೆ ಆಯಿಯದ್ದೊಂದು, ಅಂದರೆ ನನ್ನ ಅಮ್ಮನದ್ದೊಂದು, ಹೆದರಿಕೆ ಇತ್ತು, ಅದನ್ನ ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಹಿಂದಿನ ವರ್ಷ, 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು ಜನ ಸತ್ತರು, ಲಾರಿಯೊಂದು ಗಂಗಾವಳಿ ನದಿಗೇ ಹೋಯಿತು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಮೇಲಿದ್ದ ಲಾರಿಯೂ ನೀರಿಗೆ ಹೋಯಿತು. ಪುಣ್ಯಕ್ಕೆ ಡ್ರೈವರ್ ಉಳಿದ. ಆವತ್ತಿನಿಂದ ಎರಡೂ ಕಡೆಯ ವಾಹನಗಳು ಪಕ್ಕದ ಹೊಸ ಸೇತುವೆಯ ಮೇಲೇ ಓಡಾಡುತ್ತಿದ್ದವು. ಟಿವಿಯಲ್ಲಿ ನೋಡಿದ್ದೆಲ್ಲ ಆಯಿಗೆ ಬಾಯಿಪಾಠ. "ಆ ಸೇತುವೆ ಮೇಲೆ ಆನು ಬತ್ನಿಲ್ಲೆ" ಅಂತ ಮೊದಲೇ ಹೇಳಿಬಿಟ್ಟಳು. ಕಾರವಾರ ಪೇಟೆ ಸೇತುವೆಯ ಈಚೆಗೇ ಇದೆ, ಆಚೆ ದಂಡೆಯ ಸದಾಶಿವಗಡಕ್ಕೆ ಹೋಗೋದಾದರೆ ಮಾತ್ರ ದಾಟಬೇಕು ಅಂತ ನಕ್ಷೆ ಬರೆದು ತೋರಿಸಿದೆ. ಹಾಗಾದರೆ ಬರುತ್ತೇನೆ ಅಂದಳು. ದಾಟುವ ಮಾತು ಆಮೇಲೆ ನೋಡೋಣ ಅಂತ ನಾನೂ ಸುಮ್ಮನಾದೆ.

ಅಕ್ಟೋಬರ್ ಅಂತ ಆಯಿತಲ್ಲ, ಅಲ್ಲೂ ಒಂದು ಎಡವಟ್ಟು. ರಜೆ ಇದ್ದಿದ್ದು ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರ ತನಕ. ವಿಜಯದಶಮಿ ಅಕ್ಟೋಬರ್ 2. ನವರಾತ್ರಿಯಲ್ಲಿ ಮನೆ ದೇವರನ್ನು ಬಿಟ್ಟು ಹೊರಡುವ ಮಾತೇ ಇಲ್ಲ. ಉಳಿದಿದ್ದು 3ರಿಂದ 7, ಐದೇ ದಿನ. ಐದು ದಿನ ಸಾಕಲ್ವಾ ಅಂತ ಹೆಂಡತಿ, ವಾರ ಅಂದರೆ ಏಳು ಅಂತ ಮಗ. ಈ ಜಗಳ ಮುಗಿಯುವ ಮೊದಲೇ ಅಪ್ಪಯ್ಯನಿಗೆ ಜ್ವರ ಬಂತು. ನೋಟ್‌ಬುಕ್ ಕಪಾಟಿನ ಮೇಲೆ ಹೋಯಿತು. ಇನ್ನು ಮುಂದಿನ ವರ್ಷ ನೋಡೋಣ ಅಂತಾಯಿತು.

ಆಮೇಲೆ ನಡೆದಿದ್ದು ನಮ್ಮ ಕೈಯಲ್ಲಿ ಇರಲಿಲ್ಲ. ಅಕ್ಟೋಬರ್ 7ಕ್ಕೆ, ನಾಳೆ ಶಾಲೆ ಅಂತ ಯೂನಿಫಾರ್ಮ್ ಇಸ್ತ್ರಿ ಆಗಿದ್ದಾಗ, ಟೀಚರುಗಳು ಮಾಡುತ್ತಿದ್ದ ಜಾತಿ ಸಮೀಕ್ಷೆ ಮುಗಿದಿಲ್ಲ ಅಂತ ಸರ್ಕಾರ ರಜೆಯನ್ನು 18ರ ತನಕ ಮುಂದೆ ಹಾಕಿತು. ಮಗ ಕುಣಿದ. ನನ್ನ ತಂಗಿ ಶಾಲೆಯಲ್ಲಿ ಟೀಚರ್, ಅವಳು ಮೊಬೈಲ್ ಹಿಡಿದು ನೆಟ್‌ವರ್ಕ್ ಇಲ್ಲದ ಗುಡ್ಡಗಳಲ್ಲಿ ಮನೆ ಮನೆ ಸುತ್ತುತ್ತಿದ್ದಳು. ಅವಳನ್ನೂ ಕರೆದುಕೊಂಡು ಹೋಗುವ ಆಸೆ ಇತ್ತು. ಫೋನ್ ಮಾಡಿದರೆ "ನಿಮಗೆ ರಜೆ, ನನಗೆ ಸಜೆ" ಅಂತ ಇಟ್ಟುಬಿಟ್ಟಳು. 11ನೇ ತಾರೀಖು ಶನಿವಾರ ಹೊರಡೋದು, 17ಕ್ಕೆ ಶುಕ್ರವಾರ ವಾಪಸ್. ಲೆಕ್ಕ ಹಾಕಿದರೆ ಸರಿಯಾಗಿ ಏಳು ದಿನ. ನಾಲ್ಕು ತಿಂಗಳು ಮಾಡಿದ ಪ್ಲಾನು ಬಿಟ್ಟು, ನಾಲ್ಕು ದಿನದಲ್ಲಿ ಹೊಸದು ಮಾಡಬೇಕಾಯಿತು. ಹಾಗಾಗಿದ್ದೇ ಒಳ್ಳೆಯದಾಯಿತು ಅಂತ ಈಗ ಅನಿಸುತ್ತದೆ. ನಾಲ್ಕು ದಿನದಲ್ಲಿ ಜಾಸ್ತಿ ತಲೆ ಓಡಿಸೋಕೆ ಆಗೋದಿಲ್ಲ.

ರೂಮಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪೆಟ್ಟು ತಿಂದಿದ್ದು ಅಲ್ಲೇ. ನಮಗೆ ಬೇಕಾಗಿದ್ದು ಇಷ್ಟು. ಅಪ್ಪಯ್ಯನ ಮಂಡಿಗೆ ಮೆಟ್ಟಿಲು ಆಗೋದಿಲ್ಲ, ಹಾಗಾಗಿ ನೆಲಮಹಡಿ. ಕುರ್ಚಿ ಥರ ಕೂರುವ ಕಮೋಡ್. ಆಯಿಗೆ ಅಡುಗೆ ಮಾಡಲು ಒಂದು ಒಲೆ. ನಾವು ಮೀನು ತಿನ್ನದವರು, ಅದರಲ್ಲೂ ಆಯಿಗೆ ಒಣಮೀನಿನ ವಾಸನೆ ಬಂದರೆ ಊಟ ಸೇರೋದಿಲ್ಲ, ಅದಕ್ಕೆ ಬೈತಖೋಲ್ ಬಂದರಿನ ಪಕ್ಕ ಬೇಡ. ಮತ್ತೆ ಸಮುದ್ರ ನಡೆದು ಹೋಗುವಷ್ಟು ಹತ್ತಿರ. ಮೊಬೈಲಿನಲ್ಲಿ ಹುಡುಕಿದೆ. ಒಂದು ಕಡೆ ಫೋಟೋದಲ್ಲಿ ಕಿಟಕಿ ತುಂಬ ಸಮುದ್ರ. ದಿನಕ್ಕೆ 2,400. ಮುಂಗಡ ಕಟ್ಟಿದೆ. ಅನುಮಾನ ಬಂದು ಗೆಳೆಯನಿಗೆ ಹೋಗಿ ನೋಡು ಅಂದೆ. ಅವನು ಹೋಗಿ ಅದೇ ಕಿಟಕಿಯಿಂದ ಒಂದು ಫೋಟೋ ತೆಗೆದು ಕಳಿಸಿದ. ಕಿಟಕಿ ತುಂಬ ಟ್ರಾನ್ಸ್‌ಫಾರ್ಮರ್. ಸಮುದ್ರ ಬೇಕಾದರೆ ಟೆರೇಸಿಗೆ ಹೋಗಬೇಕು, ಮೂರು ಮಹಡಿ ಹತ್ತಿ. ಮುಂಗಡದಲ್ಲಿ ಅರ್ಧ ವಾಪಸ್ ಬಂತು, ಇನ್ನರ್ಧಕ್ಕೆ ಬರೀ ಕ್ಷಮೆ ಬಂತು.

ಆಮೇಲೆ ಗೆಳೆಯನೇ ತನ್ನ ಪರಿಚಯದವರ ಒಂದು ಮನೆ ಹುಡುಕಿಕೊಟ್ಟ. ಹಂಚಿನ ಮನೆ, ಎರಡು ಕೋಣೆ, ಅಡುಗೆಮನೆ, ಅಂಗಳದಲ್ಲಿ ತುಳಸಿಕಟ್ಟೆ. ಒಂದು ವಾರಕ್ಕೆ ಅಂತ ಮಾತಾಡಿ ದಿನಕ್ಕೆ 1,800. ಸಮುದ್ರ ಕಾಣೋದಿಲ್ಲ, ಆದರೆ ರಾತ್ರಿ ಕೇಳುತ್ತದೆ. ನನ್ನ ಕಡೆಯಿಂದ ಹೇಳೋದಾದರೆ, ಒಂದು ರಾತ್ರಿಗಾದರೆ ಹೋಟೆಲ್ ಸರಿ, ವಾರಕ್ಕೆ ಅಂದರೆ ಒಲೆ ಇರುವ ಮನೆಯೇ ಬೇಕು. ಮೂರನೇ ದಿನಕ್ಕೆ ಎಂಥವರಿಗೂ ತಂಬುಳಿ ನೆನಪಾಗುತ್ತದೆ.

ಹೋಗೋದು ಹೇಗೆ? ಕಾರು ಬಾಡಿಗೆಗೆ ಕೇಳಿದರೆ ವಾರಕ್ಕೆ ಹೇಳಿದ ರೇಟಿಗೆ ಒಂದು ಹಳೆ ಸ್ಕೂಟರೇ ಬರುತ್ತಿತ್ತು. ಬಸ್ಸೇ ಸರಿ ಅಂತಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಆಯಿಗೆ, ಹೆಂಡತಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಗಂಡಸರು ನಾವು ಮೂವರೇ ದುಡ್ಡು ಕೊಡೋದು, ಅದರಲ್ಲಿ ಒಬ್ಬನಿಗೆ ಅರ್ಧ ಟಿಕೆಟ್. ದಾರಿ ಎರಡು. ಒಂದು ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೆದ್ದಾರಿ. ಇನ್ನೊಂದು ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲಾ. ದೇವಿಮನೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಳಿಂದ ನಡೆದೇ ಇತ್ತು, ಎಲ್ಲಿ ಮಣ್ಣು, ಎಲ್ಲಿ ಡಾಂಬರು ಅಂತ ಹೋದ ಮೇಲೇ ತಿಳಿಯೋದು. ಆದರೂ ಅಪ್ಪಯ್ಯ ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬರಲು ಒಪ್ಪಲಿಲ್ಲ. ಯಾವ ತಿರುವಿನಲ್ಲಿ ಯಾರಿಗೆ ವಾಂತಿಯಾಗುತ್ತದೆ ಅಂತ ಅವನಿಗೆ ಗೊತ್ತಂತೆ.

ಆಯಿ ಕಟ್ಟಿದ ಗಂಟು ನೋಡಬೇಕಿತ್ತು. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಕಷಾಯದ ಪುಡಿ, ಹಪ್ಪಳ, ಅಕ್ಕಿ, ಆಮೇಲೆ ಆರು ತೆಂಗಿನಕಾಯಿ. ಕಾರವಾರಕ್ಕೆ ತೆಂಗಿನಕಾಯಿ ಹೊತ್ತುಕೊಂಡು ಹೋದವರು ಭೂಮಿ ಮೇಲೆ ನಾವೊಬ್ಬರೇ ಇರಬೇಕು.

ಇಷ್ಟಾದರೂ ದಿನದ ಪ್ಲಾನು ಖಾಲಿಯೇ ಇತ್ತು. ಹೊರಡುವ ಹಿಂದಿನ ರಾತ್ರಿ ಗೆಳೆಯ ಫೋನ್ ಮಾಡಿ ಒಂದೇ ಮಾತು ಹೇಳಿದ: "ಬಸ್ ಟೈಮ್ ಆಮೇಲೆ ನೋಡು, ಮೊದಲು ಭರತಿ ಸುಕ್ತಿ ನೋಡು." ಉಬ್ಬರ, ಇಳಿತಕ್ಕೆ ಕೊಂಕಣಿಯಲ್ಲಿ ಹಾಗೆ ಹೇಳುತ್ತಾರೆ. ಘಟ್ಟದ ಮೇಲಿನ ನಮಗೆ ಇದು ಹೊಳೆಯೋದೇ ಇಲ್ಲ. ನಮ್ಮ ಹೊಳೆ ಮಳೆಗಾಲಕ್ಕೆ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ, ವರ್ಷಕ್ಕೆ ಒಂದೇ ಸಲ. ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಮತ್ತೆ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಎಂಟಕ್ಕೆ ನೀರು ಇಳಿದಿದ್ದರೆ ನಾಳೆ ಒಂಬತ್ತು ಗಂಟೆ ಹತ್ತಿರ. ಹುಣ್ಣಿಮೆ, ಅಮಾವಾಸ್ಯೆಗೆ ಏರೋದೂ ಜೋರು, ಇಳಿಯೋದೂ ಜೋರು. ಅಷ್ಟಮಿ ಹೊತ್ತಿಗೆ ಎರಡೂ ಮಂದ. ನಾವು ಹೊರಟಿದ್ದು ಶೀಗಿ ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ. ಅಂದರೆ ದಿನ ಹೋದ ಹಾಗೆ ನೀರು ಕಮ್ಮಿ ಕಮ್ಮಿ ಇಳಿಯುತ್ತದೆ. ಬಂಡೆ ದಾಟಿ ಹೋಗಬೇಕಾದ ಕರಿ ಮರಳಿನ ಬೀಚು ತಿಳ್ಮಾತಿಗೆ ಹೋಗೋದಿದ್ದರೆ ವಾರದ ಶುರುವಿಗೇ ಹೋಗು, ಕೊನೆಗೆ ಇಟ್ಟುಕೊಳ್ಳಬೇಡ ಅಂದ. ಅವನು ಹೇಳಿದ್ದರಲ್ಲಿ ನೂರಕ್ಕೆ ನೂರು ಉಪಯೋಗಕ್ಕೆ ಬಂದಿದ್ದು ಇದು.

ಹೀಗೆ ಕೊನೆಯ ಪ್ಲಾನು ಆಗಿದ್ದು ಇಷ್ಟೇ: ದಿನಕ್ಕೆ ಒಂದು ಕೆಲಸ, ಅದೂ ಬೆಳಗ್ಗೆ ಅಥವಾ ಸಂಜೆ. ಮಧ್ಯಾಹ್ನ ಊಟ, ನಿದ್ದೆ. ಏಳನೇ ದಿನ ಪೂರ್ತಿ ಖಾಲಿ. ಮಗ ಕೈಗಾ ಅಣುಸ್ಥಾವರ ಸೇರಿಸು ಅಂತ ಹಠ ಮಾಡಿದ. 220 ಮೆಗಾವ್ಯಾಟ್‌ನ ನಾಲ್ಕು ಘಟಕ ಇವೆ ಅಂತ ಎಲ್ಲೋ ಓದಿಕೊಂಡಿದ್ದ. ಅನುಮತಿ ಇಲ್ಲದೆ ಅಲ್ಲಿ ಗೇಟಿನೊಳಗೆ ಬಿಡೋದಿಲ್ಲ, ಗೇಟು ನೋಡೋಕೆ ಅಷ್ಟು ದೂರ ಬೇಡ ಅಂತ ಅದನ್ನ ಹೊಡೆದು ಹಾಕಿದೆ.

ಹೋದೆವು. ಅಂಕೋಲಾದಲ್ಲಿ ಇಳಿದು ಚಾ ಕುಡಿದು ಇನ್ನೊಂದು ಬಸ್ಸು. 1930ರ ಏಪ್ರಿಲ್ 13ಕ್ಕೆ ಉಪ್ಪಿನ ಸತ್ಯಾಗ್ರಹ ನಡೆದ ಊರು ಅದು. ಅಪ್ಪಯ್ಯ ಚಾ ಮುಗಿಯುವ ತನಕ ಮೊಮ್ಮಗನಿಗೆ ಕರನಿರಾಕರಣೆಯ ಕಥೆ ಹೇಳಿದ, ಸಿದ್ದಾಪುರದ ಕಡೆಯ ಮನೆಗಳ ಜಪ್ತಿಯ ತನಕ ಬಂದಾಗ ಬಸ್ಸು ಬಂತು. ಅಲ್ಲಿಂದ ಮುಂದೆ ಕದಂಬ ನೌಕಾನೆಲೆಯ ಗೋಡೆ ಶುರು. ಸಮುದ್ರ ಪಕ್ಕದಲ್ಲೇ ಇದ್ದರೂ ಕಾಣೋದು ಗೋಡೆ. ಒಂದು ಸುರಂಗ ದಾಟಿ ಹೊರಗೆ ಬಂದರೆ ಎಡಗಡೆ ಒಮ್ಮೆಲೇ ನೀರು. ಅಪ್ಪಯ್ಯ ತಾನೇ ತೋಡಿಸಿದ ಬಾವಿ ತೋರಿಸುವ ಹಾಗೆ "ಹ್ಞಾಂ, ಇಲ್ಲಿಂದ ಕಾಣ್ತು" ಅಂತ ಕೈ ತೋರಿಸಿದ.

ಮೊದಲ ಸಂಜೆ ಟಾಗೋರ್ ಕಡಲತೀರ. ಅಪ್ಪಯ್ಯ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮರಳಿನ ಅಂಚಿನಲ್ಲಿ ಸುಮಾರು ಹೊತ್ತು ನಿಂತ. ಆಮೇಲೆ ಪಂಚೆ ಎತ್ತಿ ಕಟ್ಟಿ ಸೀದಾ ನೀರಿಗೆ ಹೋದ, ತೋಟದ ಕಾಲುವೆ ದಾಟುವ ಹಾಗೆ. ಮಾತೇನೂ ಇಲ್ಲ. ವಾಪಸ್ ಬಂದು "ಉಪ್ಪು" ಅಂದ.

ಟಾಗೋರರ ಹೆಸರು ಇಲ್ಲಿಗೆ ಯಾಕೆ ಬಂತು ಅಂತ ಮಗ ಕೇಳಿದ. ರವೀಂದ್ರನಾಥರು 22ನೇ ವಯಸ್ಸಿನಲ್ಲಿ ಇಲ್ಲಿಗೆ ಬಂದು ಉಳಿದಿದ್ದರು, ಇಲ್ಲೇ ಒಂದು ನಾಟಕವನ್ನೂ ಬರೆದರು. ಬಂದಿದ್ದು ಅಣ್ಣ ಸತ್ಯೇಂದ್ರನಾಥರ ಮನೆಗೆ. ಐಸಿಎಸ್ ಪಾಸಾದ ಮೊದಲ ಭಾರತೀಯ ಅವರು, ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಇದನ್ನ ಹೇಳಿದ್ದೇ ತಡ ಅಪ್ಪಯ್ಯನಿಗೆ ಪಾಯಿಂಟು ಸಿಕ್ಕಿತು. ನೋಡು, ಆಗಲೂ ಅಣ್ಣ ಬಂದಿದ್ದು ಕೋರ್ಟಿಗೇ, ಕೆಲಸ ಇಲ್ಲದ ತಮ್ಮ ಮಾತ್ರ ಸಮುದ್ರ ನೋಡಿದ್ದು ಅಂತ. ಜನ ಬಂದು ಬಂದು ಕಾರವಾರದಲ್ಲಿ ನೋಡೋದು ಆ ತಮ್ಮನ ಹೆಸರಿನ ಬೀಚನ್ನೇ ಅಂತ ನಾನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವನು ಕಡಲೆ ಮಾರುವವನ ಹತ್ತಿರ ಹೋಗಿಯಾಗಿತ್ತು.

ಭಾನುವಾರ ಸಂತೆ. ಇದು ಪ್ಲಾನಿನಲ್ಲಿ ಬಿದ್ದಿದ್ದು ಶನಿವಾರ ಹೊರಟಿದ್ದರಿಂದ, ನಮ್ಮ ಜಾಣತನದಿಂದಲ್ಲ. ವಾರಕ್ಕೆ ಹೋಗುವವರು ನಡುವೆ ಒಂದು ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಆಯಿ ಎರಡು ತಾಸು ತಿರುಗಿದಳು. ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬಳು, ಕುತ್ತಿಗೆ ತುಂಬ ಕರಿಮಣಿ ಸರ, ಬಸಳೆ ಮಾರಲು ಕೂತಿದ್ದಳು. ಅವಳ ಕನ್ನಡ ಆಯಿಗೆ ಅರ್ಧ, ಆಯಿಯ ಹವಿಗನ್ನಡ ಅವಳಿಗೆ ಅರ್ಧ. ಇಬ್ಬರದೂ ಸೇರಿ ಒಂದು ಪೂರ್ತಿ ಮಾತುಕತೆ ಆಯಿತು. ಬಸಳೆಯ ಜೊತೆ ಒಂದು ಬಳ್ಳಿಯ ತುಂಡೂ ಬಂತು, ಮನೆ ಹಿತ್ತಲಲ್ಲಿ ನೆಡಲು. ಎರಡನೇ ದಿನಕ್ಕೇ ವಾಪಸ್ ಹೋಗುವ ಲಗೇಜ್ ಜಾಸ್ತಿಯಾಯಿತು.

ಸೋಮವಾರ ತಿಳ್ಮಾತಿ. ಇದಕ್ಕೆ ಕಾಳಿ ದಾಟಬೇಕು. ಬಸ್ಸು ಸೇತುವೆ ಹತ್ತಿದ್ದೇ ಆಯಿ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳತೊಡಗಿದಳು. ಸದಾಶಿವಗಡದ ಗುಡ್ಡ ಬಂದ ಮೇಲೆ "ಆತಾ?" ಅಂತ ಕೇಳಿ ಕಣ್ಣು ಬಿಟ್ಟಳು. ಕೆಳಗೆ ನದಿ ಸಮುದ್ರ ಸೇರುವ ಜಾಗ, ಅಷ್ಟು ಚಂದದ ನೋಟ ಎಲ್ಲೂ ಇಲ್ಲ, ಅದನ್ನ ಅವಳೊಬ್ಬಳೇ ನೋಡಲಿಲ್ಲ. ಮಾಜಾಳಿಯಲ್ಲಿ ಇಳಿದು ದಂಡೆಗುಂಟ ನಡೆದು, ಗುಡ್ಡದ ಬುಡದ ಬಂಡೆಗಳ ಹತ್ತಿರ ಹೋದೆವು. ಅಪ್ಪಯ್ಯ, ಆಯಿ ಅಲ್ಲೇ ನೆರಳಿನಲ್ಲಿ ಕೂತರು. ನಾವು ಮೂವರು ನೀರು ಇಳಿದಿದ್ದ ಹೊತ್ತಿಗೆ ಬಂಡೆ ದಾಟಿ ಆಚೆ ಹೋದೆವು. ತಿಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಹೆಸರು ಸುಳ್ಳಲ್ಲ. ಕರಿ ಎಳ್ಳು ಚೆಲ್ಲಿದ ಹಾಗೆ ಮರಳು, ಅಂಗೈಯಲ್ಲಿ ಹಿಡಿದರೆ ಕಾಳು ಕಾಳು. ಮಗ ಜೇಬು ತುಂಬಿಸಿಕೊಂಡ, ನಾನು ಖಾಲಿ ಮಾಡಿಸಿದೆ. ಮುಕ್ಕಾಲು ಗಂಟೆ ಇದ್ದು ತಿರುಗಿ ಬರುವಾಗ, ಹೋಗುವಾಗ ಒಣಗಿದ್ದ ಒಂದು ಕಲ್ಲಿನ ಸುತ್ತ ಆಗಲೇ ನೀರಿತ್ತು. ಪಾದ ಮುಳುಗುವಷ್ಟೇ. ಆದರೂ ಗೆಳೆಯನ ಮಾತು ಕೇಳದೆ ಸುಮ್ನೆ ಬಂದಿದ್ದರೆ ಅಂತ ಅನಿಸದೇ ಇರಲಿಲ್ಲ.

ಮಂಗಳವಾರ ಸಂಜೆ ಗುಡುಗು ಮಳೆ. ಹಿಂಗಾರಿನದ್ದು, ಮಧ್ಯಾಹ್ನದ ತನಕ ಸುಳಿವೇ ಇಲ್ಲದೆ ಬಂದು ಸುರಿಯಿತು. ಪ್ಲಾನಿನಲ್ಲಿ ಅವತ್ತಿಗೆ ದೇವಬಾಗ ಬೀಚು ಇತ್ತು, ತಪ್ಪಿಹೋಯಿತು. ಕೂರ್ಮಗಡ ದ್ವೀಪಕ್ಕೆ ಬೋಟಿನಲ್ಲಿ ಹೋಗೋದು ಅಂತಲೂ ಇತ್ತು, ಅದನ್ನೂ ಬಿಟ್ಟೆವು. ಅಲ್ಲಿಯ ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ, ಜನವರಿ ಹೊತ್ತಿಗೆ ಬರುತ್ತದೆ, ಆಗ ನಮ್ಮಲ್ಲಿ ಅಡಿಕೆ ಸುಲಿಯುವ ಗದ್ದಲ. ಅಂದರೆ ನಮಗೆ ಕೂರ್ಮಗಡ ಈ ಜನ್ಮದಲ್ಲಿ ಕಷ್ಟ. ಮಳೆಯಲ್ಲಿ ಮನೆಯಲ್ಲೇ ಕೂತು ಹಪ್ಪಳ ಸುಟ್ಟು ತಿಂದೆವು. ಸತ್ಯ ಹೇಳಬೇಕೆಂದರೆ ವಾರದಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅವತ್ತೇ ಜಾಸ್ತಿ.

ಬುಧವಾರ ಟಾಗೋರ್ ಬೀಚಿನಲ್ಲಿ ಮ್ಯೂಸಿಯಂ ಮಾಡಿಟ್ಟಿರುವ ಯುದ್ಧನೌಕೆ ಚಪಲ್ ಮತ್ತೆ ಅದರ ಪಕ್ಕದ ದೊಡ್ಡ ಟುಪೊಲೆವ್ 142 ವಿಮಾನ. ವಿಮಾನ 2017ರಲ್ಲಿ ನೌಕಾಪಡೆಯಿಂದ ನಿವೃತ್ತಿಯಾಗಿದ್ದು, ಬಿಡಿ ಭಾಗ ಮಾಡಿ ರಸ್ತೆಯಲ್ಲೇ ತಂದು ಇಲ್ಲಿ ಜೋಡಿಸಿದ್ದಾರೆ. ಮಗ ಎರಡು ಸಲ ಹೋಗಿ ಬಂದ. ಅಪ್ಪಯ್ಯ ಹೊರಗೇ ನಿಂತು ನೋಡಿದ. ನಿವೃತ್ತಿಯಾದ ಮೇಲೆ ಸಮುದ್ರದ ದಂಡೆಗೆ ಬಂದು ಕೂತಿದೆ, ಪರವಾಗಿಲ್ಲ ಅಂತ ಅವನ ಅಭಿಪ್ರಾಯ.

ಗುರುವಾರಕ್ಕೆ ಪ್ಲಾನ್ ಮಾಡಿದ್ದು ಸದಾಶಿವಗಡ. ಆಯಿ ಮತ್ತೊಮ್ಮೆ ಸೇತುವೆ ದಾಟೋದಿಲ್ಲ ಅಂದಳು, ಹಾಗಾಗಿ ಬೆಳಗ್ಗೆ ಮತ್ತೆ ಟಾಗೋರ್ ಬೀಚಿಗೇ ಹೋದೆವು. ಅಲ್ಲಿ ರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯೋದು. ಎರಡು ಕಡೆಯೂ ಇಪ್ಪತ್ತು ಮೂವತ್ತು ಜನ. ಗಂಟೆಗಟ್ಟಲೆ ನಡೆಯುತ್ತದೆ. ಯಾರೋ ಮಗನಿಗೆ "ಬಾರೋ, ಹಿಡಿ" ಅಂದರು. ಅವನು ಹಗ್ಗ ಹಿಡಿದ, ಅವನ ಹಿಂದೆ ನಾನು. ಸ್ವಲ್ಪ ಹೊತ್ತಿಗೆ ನೋಡಿದರೆ ನನ್ನ ಹಿಂದೆ ಅಪ್ಪಯ್ಯ. ಬಲೆ ಬಂದಾಗ ಬಂಗುಡೆ, ತಾರ್ಲೆ ಪಟಪಟ ಹಾರುತ್ತಿದ್ದವು. ಎಳೆದವರಿಗೆಲ್ಲ ಪಾಲು ಅಂತ ನಮಗೂ ಒಂದು ಹಿಡಿ ಕೊಡಲು ಬಂದರು. ನಾವು ತಿನ್ನೋದಿಲ್ಲ ಅಂದರೆ ಅವರಿಗೆ ಅರ್ಥವೇ ಆಗಲಿಲ್ಲ, ಮತ್ತೆ ಯಾಕೆ ಎಳೆದಿರಿ ಅಂತ. ನಮ್ಮ ಪಾಲು ಗೆಳೆಯನ ಮನೆಗೆ ಹೋಯಿತು. ಆಯಿ ಇಡೀ ಹೊತ್ತು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಖರ್ಚು ಕೇಳುವವರಿಗೆ: ಮನೆ ಬಾಡಿಗೆ ಆರು ರಾತ್ರಿಗೆ 10,800. ಬಸ್ಸು, ಆಟೋ, ಹಾಲು, ತರಕಾರಿ, ಎರಡು ಸಲ ಹೋಟೆಲ್ ಊಟ ಎಲ್ಲ ಸೇರಿ ಇನ್ನೊಂದು ಆರು ಸಾವಿರ. ಟ್ರಾನ್ಸ್‌ಫಾರ್ಮರ್ ನೋಡಿದ್ದಕ್ಕೆ 1,200.

ಶುಕ್ರವಾರ, ನಾನು ಖಾಲಿ ಬಿಟ್ಟಿದ್ದ ಏಳನೇ ದಿನ. ಮಧ್ಯಾಹ್ನದ ಬಸ್ಸು. ಬೆಳಗ್ಗೆ ಎದ್ದು ನೋಡಿದರೆ ಅಪ್ಪಯ್ಯ ಸ್ನಾನ ಮುಗಿಸಿ, ಅಂಗಿ ಹಾಕಿ, ಕೈಯಲ್ಲಿ ಒಂದು ಚೀಲ ಹಿಡಿದು ಹೊರಟಾಗಿತ್ತು. ಎಲ್ಲಿಗೆ ಅಂದರೆ "ಇಲ್ಲೇ" ಅಂದ. ಹಿಂದೆ ಹೋಗಲು ಮಗನನ್ನು ಕಳಿಸಿದೆ. ಎರಡು ತಾಸು ಬಿಟ್ಟು ಇಬ್ಬರೂ ಬಂದರು. ಆ ಝೆರಾಕ್ಸ್ ಅಂಗಡಿಗೆ ಹೋಗಿದ್ದರಂತೆ. ಈಗ ಅಲ್ಲಿ ಮೊಬೈಲ್ ರಿಪೇರಿಯೂ ಇದೆ, ಹಳೆಯವರು ಮನೆಯಲ್ಲಿರುತ್ತಾರೆ, ಮಗ ನಡೆಸುತ್ತಾನೆ. ಅಪ್ಪಯ್ಯ ಊರಿಂದಲೇ ಒಂದು ಡಬ್ಬಿ ಜೋನಿ ಬೆಲ್ಲ ಬೇರೆ ಇಟ್ಟುಕೊಂಡು ಬಂದಿದ್ದ, ನಮಗೆ ಯಾರಿಗೂ ಹೇಳಿರಲಿಲ್ಲ. ಅಂದರೆ ಅವನಿಗೂ ಒಂದು ಪ್ಲಾನ್ ಇತ್ತು. ಹುಡುಗ ತಂದೆಗೆ ಫೋನ್ ಹಚ್ಚಿಕೊಟ್ಟನಂತೆ, ಆಚೆ ಕಡೆಯವರು ಧ್ವನಿ ಕೇಳಿ "ಹೆಗಡೇರೆ, ಫೈಲ್ ಏನಾಯ್ತು?" ಅಂತ ಕೇಳಿದರಂತೆ.

ಚೀಲದಲ್ಲಿ ಡಬ್ಬಿಯ ಬದಲು ಈಗ ಎರಡು ಹಾಳೆ ಇತ್ತು. ತೆಗೆದು ನೋಡಿದರೆ ಅಪ್ಪಯ್ಯನ ಆಧಾರ್ ಕಾರ್ಡಿನ ಝೆರಾಕ್ಸ್. ಇದು ಎಂತಕ್ಕೆ ಅಂತ ಕೇಳಿದೆ.

"ಇರ್ಲಿ, ಬೇಕಾಗ್ತು" ಅಂದ.